ಸಂಬಳ ನಮ್ಮದು, ಮಾತು ಯಾರದು?



"ಬಿಳಿಯ ದೊರೆಗಳ ಕಾಲವೇ ಚೆನ್ನಾಗಿತ್ತು, ಬೇಸಿಗೆ ಬಂದರೆ ಗವರ್ನರ್ ಸಾಹೇಬರು ಊಟಿಗೆ ಬರುತ್ತಿದ್ದರು, ಬೆಟ್ಟವೆಲ್ಲಾ ಕಳೆಕಟ್ಟುತ್ತಿತ್ತು" ಎಂದು ಅಜ್ಜಂದಿರಿಂದ ಕೇಳಿದ್ದನ್ನು ಹೇಳುವವರು ನಮ್ಮ ಲೈನುಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ನಮ್ಮದೊಂದೇ ಪ್ರಶ್ನೆ. ಆ ಸಾಹೇಬರಿಗೆ ಸಂಬಳ ಕೊಟ್ಟವರು ಯಾರು? ಲಂಡನ್ನಿನ ಅರಸನೇ? ಅಲ್ಲ. ಮದ್ರಾಸು ಪ್ರಾಂತದ ಬೊಕ್ಕಸಕ್ಕೆ ಮುಖ್ಯ ವರಮಾನ ಭೂಕಂದಾಯ ಮತ್ತು ಅಬಕಾರಿಯಿಂದಲೇ ಬರುತ್ತಿತ್ತು. ಕೊಟ್ಟವನು ಕಂದಾಯ ಕಟ್ಟಿದ ರೈತ. ಕೊಟ್ಟವನು ದಿನಗೂಲಿಯನ್ನು ಸಾರಾಯಿ ಅಂಗಡಿಯಲ್ಲಿ ಸುರಿದ ಆಳು.

ಲೆಕ್ಕ ನೋಡಿರಿ. 1935ರ ಇಂಡಿಯಾ ಸರ್ಕಾರದ ಕಾಯಿದೆಯಂತೆ ಮದ್ರಾಸು ಗವರ್ನರರ ಸಂಬಳ ವರ್ಷಕ್ಕೆ 1,20,000 ರೂಪಾಯಿ, ಅಂದರೆ ತಿಂಗಳಿಗೆ 10,000. ಅದರ ಮೇಲೆ ಭತ್ಯೆ, ಅಂಗರಕ್ಷಕ ಪಡೆ, ಪ್ರವಾಸದ ಖರ್ಚು, ಮದ್ರಾಸಿನಲ್ಲೂ ಊಟಿಯಲ್ಲೂ ಬಂಗಲೆ. 1937ರಲ್ಲಿ ರಾಜಾಜಿಯವರ ಮಂತ್ರಿಮಂಡಲ ಬಂದಾಗ ಮಂತ್ರಿಗಳು ತೆಗೆದುಕೊಂಡ ಸಂಬಳ ತಿಂಗಳಿಗೆ 500. ಓಟು ಪಡೆದು ಬಂದವರಿಗೆ 500. ಹಡಗು ಹತ್ತಿ ಬಂದವರಿಗೆ ಅದರ 20ರಷ್ಟು!

"ದೊಡ್ಡ ಹುದ್ದೆಗೆ ದೊಡ್ಡ ಸಂಬಳ ಬೇಡವೇ?" ಎನ್ನುವಿರಾ? ಇದಕ್ಕೆ ಗಾಂಧೀಜಿ 1930ರ ಮಾರ್ಚ್ 2ರಂದೇ ವೈಸರಾಯ್ ಇರ್ವಿನ್ನರಿಗೆ ಪತ್ರ ಬರೆದು ಉತ್ತರ ಕೊಟ್ಟರು. ವೈಸರಾಯರಿಗೆ ದಿನಕ್ಕೆ 700 ರೂಪಾಯಿ. ಭಾರತೀಯನ ಸರಾಸರಿ ವರಮಾನ 2 ಆಣೆಗಿಂತ ಕಡಿಮೆ. 5,000 ಪಟ್ಟಿಗೂ ಮಿಕ್ಕಿದ ಅಂತರ. ಅವರದೇ ದೇಶದ ಪ್ರಧಾನಮಂತ್ರಿಗೆ ಅಲ್ಲಿನ ಸರಾಸರಿಯ 90 ಪಟ್ಟು ಮಾತ್ರ.

ಆದರೆ ಹಣಕ್ಕಿಂತ ದೊಡ್ಡ ಅನ್ಯಾಯ ಬೇರೆ ಇದೆ. ಅದೇ ಕಾಯಿದೆಯ 79ನೆಯ ಕಲಂ ಗವರ್ನರರ ಸಂಬಳ ಭತ್ಯೆಗಳನ್ನು ಶಾಸನಸಭೆಯಲ್ಲಿ ಓಟಿಗೆ ಹಾಕಬಾರದೆಂದಿತು. ಅಷ್ಟೇ ಅಲ್ಲ, ಅವುಗಳ ಮೇಲೆ ಚರ್ಚೆಯನ್ನೂ ಮಾಡಬಾರದೆಂದಿತು. ಕೊಡು, ಆದರೆ ಬಾಯಿ ತೆರೆಯಬೇಡ!

ಈ ಎಚ್ಚರಿಕೆ ಅವರಿಗೆ ಬಂದದ್ದು ಅಮೆರಿಕದಲ್ಲಿ ಪೆಟ್ಟು ತಿಂದ ಮೇಲೆ ಎಂದರೆ ತಪ್ಪಾಗದು. ಮ್ಯಾಸಚೂಸೆಟ್ಸ್ ವಸಾಹತಿನ ಜನಸಭೆ ಗವರ್ನರರಿಗೆ ವರ್ಷ ವರ್ಷಕ್ಕೆ ಮಾತ್ರ ಹಣ ಮಂಜೂರು ಮಾಡುತ್ತಿತ್ತು. 1728ರಲ್ಲಿ ಬಂದ ಗವರ್ನರ್ ಬರ್ನೆಟ್ ಕಾಯಂ ಸಂಬಳಕ್ಕೆ ಹಟ ಹಿಡಿದರೂ ಸಭೆ ಒಪ್ಪಲಿಲ್ಲ. ಹಣದ ಚೀಲದ ದಾರ ಜನರ ಕೈಯಲ್ಲಿದ್ದರೆ ಅಧಿಕಾರಿ ಜನರ ಮಾತು ಕೇಳುತ್ತಾನೆ. ಆ ದಾರವನ್ನು ಕತ್ತರಿಸಲಿಕ್ಕೆಂದೇ ಲಂಡನ್ನು 1767ರಲ್ಲಿ ಚಹಾ, ಗಾಜು, ಕಾಗದ ಮುಂತಾದವುಗಳಿಗೆ ಸುಂಕ ಹಾಕಿ, ಆ ಹಣದಿಂದ ಗವರ್ನರರಿಗೂ ನ್ಯಾಯಾಧೀಶರಿಗೂ ಸಂಬಳ ಕೊಡುವ ದಾರಿ ಮಾಡಿತು. 1770ರಲ್ಲಿ ಉಳಿದ ಸುಂಕ ಹೋದರೂ ಚಹಾದ ಸುಂಕ ಉಳಿಯಿತು. 1773ರ ಡಿಸೆಂಬರ್ 16ರಂದು ಬಾಸ್ಟನ್ನಿನ ಜನ 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಸುರಿದರು. ಟೀ ತೋಟದಲ್ಲಿ ದುಡಿಯುವ ನಾವು ಈ ಕಥೆಯನ್ನು ಮರೆಯಬಾರದು.

ಸತ್ಯವೇದದಲ್ಲಿಯೂ ಒಬ್ಬ ದೇಶಾಧಿಪತಿ ಇದ್ದಾನೆ. ಪರ್ಶಿಯದ ಅರಸನು ನೇಮಿಸಿದ ನೆಹೆಮೀಯ. ಅವನ ಹಿಂದಿನವರು ಜನರಿಂದ ರೊಟ್ಟಿ, ದ್ರಾಕ್ಷಾರಸ, 40 ಶೆಕೆಲ್ ಬೆಳ್ಳಿ ಕಿತ್ತುಕೊಂಡಿದ್ದರು. ಜನ ಹೊಲ ಒತ್ತೆಯಿಟ್ಟು ತೆರಿಗೆ ಕಟ್ಟುತ್ತಿದ್ದುದನ್ನು ಕಂಡ ಅವನು 12 ವರ್ಷ ತನ್ನ ಪದವಿಯ ಭತ್ಯೆಯನ್ನು ಮುಟ್ಟಲಿಲ್ಲ. ಊಟಿಗೆ ಬಂದ ಸಾಹೇಬರಲ್ಲಿ ಇಂಥವನೊಬ್ಬನನ್ನು ತೋರಿಸುವಿರಾ?

ಇಂದಿನ ಮಾತಿಗೆ ಬರೋಣ. ನಮ್ಮ ಸಂವಿಧಾನದ 202 ಮತ್ತು 203ನೆಯ ವಿಧಿಗಳಂತೆ ರಾಜ್ಯಪಾಲರ ಸಂಬಳ ಭತ್ಯೆಗಳನ್ನು ಇಂದಿಗೂ ಓಟಿಗೆ ಹಾಕುವಂತಿಲ್ಲ. ಚರ್ಚೆ ಮಾತ್ರ ಮಾಡಬಹುದು. ಹಳೆಯ ಬೀಗದಲ್ಲಿ ಅರ್ಧ ತೆರೆದಿದೆ, ಅರ್ಧ ಉಳಿದಿದೆ. ಪದವಿ ಸ್ವತಂತ್ರವಾಗಿರಲಿ ಎಂದೇ ಹೀಗೆ ಎನ್ನುತ್ತಾರೆ. ಬಾಸ್ಟನ್ನಿಗೂ ಲಂಡನ್ನು ಇದನ್ನೇ ಹೇಳಿತ್ತು. ಜನರಿಂದ ಸ್ವತಂತ್ರನಾದವನು ನೇಮಿಸಿದವನಿಗೆ ಅಧೀನ. ನೇಮಕ ದೆಹಲಿಯದು, ಖರ್ಚು ರಾಜ್ಯದ್ದು!

ತೆರೆದ ಅರ್ಧವನ್ನಾದರೂ ಬಳಸೋಣ. ಓಟು ಕೇಳಲು ಲೈನಿಗೆ ಬರುವ ಶಾಸಕರನ್ನು ಕೇಳಿರಿ: "ಬಜೆಟ್ಟಿನಲ್ಲಿ ರಾಜಭವನದ ಖರ್ಚಿನ ಪುಟ ಬಂದಾಗ ತಾವು ಎದ್ದು ನಿಂತಿರಾ, ಸ್ವಾಮಿ?" ನಮ್ಮ ಒಂದೊಂದು ರೂಪಾಯಿ ಕೂಲಿಗೂ ಲೆಕ್ಕ ಕೇಳುವ ದೇಶದಲ್ಲಿ ಈ ಲೆಕ್ಕ ಕೇಳುವುದು ಅವಿಧೇಯತೆಯಲ್ಲ, ಅದು ಕೊಟ್ಟವನ ಹಕ್ಕು.