ವೇಗ ಮಾರುವವರು ಅನೇಕ, ದುರಸ್ತಿಗೆ ಯಾರು?

ಕಳೆದ ಮಳೆಗಾಲದಲ್ಲಿ ಚನ್ನಪಟ್ಟಣದ ನಮ್ಮ ಬೀದಿಗೆ ಚರಂಡಿ ಕಾಮಗಾರಿಗೆಂದು ಬಂದ ಜೆಸಿಬಿ, ನೆಲದೊಳಗಿದ್ದ ಅಂತರ್ಜಾಲದ ಕೇಬಲ್ಲನ್ನು ಕಿತ್ತುಹಾಕಿತು. ಟಿ.ವಿ.ಯೂ ಅದರಲ್ಲೇ ಬರುತ್ತಿದ್ದುದರಿಂದ ಎರಡೂ ಒಟ್ಟಿಗೆ ಸ್ತಬ್ಧವಾದವು. ಕಂಪನಿಯ ಸಹಾಯವಾಣಿ ದೂರಿನ ಸಂಖ್ಯೆಯನ್ನು ತಕ್ಷಣ ಕೊಟ್ಟಿತು. ಮೂರನೆಯ ದಿನ ‘ನಿಮ್ಮ ದೂರು ಪರಿಹಾರವಾಗಿದೆ’ ಎಂಬ ಸಂದೇಶವೂ ಬಂತು. ಸಂಪರ್ಕ ಮಾತ್ರ ಬಂದದ್ದು ಹನ್ನೊಂದನೆಯ ದಿನ.

ನಿವೃತ್ತನಾದ ನನಗೆ ಇದರಿಂದಾದ ನಷ್ಟ ರಾತ್ರಿಯ ವಾರ್ತೆ ಮಾತ್ರ. ಪಕ್ಕದ ಬೀದಿಯ ಗೊಂಬೆ ತಯಾರಕರೊಬ್ಬರಿಗೆ ಹಾಗಲ್ಲ. ದೂರದ ಖರೀದಿದಾರರಿಗೆ ವಿಡಿಯೊ ಕರೆಯಲ್ಲಿ ಮಾದರಿಗಳನ್ನು ತೋರಿಸಬೇಕಾಗಿದ್ದ ವಾರವದು. ಮೊಬೈಲಿನಲ್ಲಿ ಮಾಡಿದ ಕರೆ ನಡುನಡುವೆ ಕಡಿದುಹೋಗಿ, ಆ ವ್ಯವಹಾರ ಬೇರೆಯವರ ಪಾಲಾಯಿತು. ಹಿಂದೆ ಬೆಂಗಳೂರು–ಮೈಸೂರು ರಸ್ತೆಯ ಪ್ರವಾಸಿಗರು ಅಂಗಡಿಗಳ ಮುಂದೆ ಕಾರು ನಿಲ್ಲಿಸಿ ಗೊಂಬೆ ಕೊಳ್ಳುತ್ತಿದ್ದರು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರನ್ನು ಬದಿಗಿಟ್ಟು ಸಾಗುತ್ತದೆ. ಗಿರಾಕಿ ರಸ್ತೆಯಲ್ಲಿ ಬರುವುದು ಕಡಿಮೆಯಾದ ಮೇಲೆ ಅವನನ್ನು ಅಂತರ್ಜಾಲದಲ್ಲೇ ಹುಡುಕಬೇಕು. ಹೀಗಿರುವಾಗ ಮನೆಯ ಸಂಪರ್ಕವನ್ನು ಕೇವಲ ಮನರಂಜನೆಯ ಸಾಧನವೆಂದು ಭಾವಿಸುವುದು ತಪ್ಪಾದೀತು.

ಆಯ್ಕೆಗೆ ಕೊರತೆಯಿದೆಯೇ ಎಂದರೆ, ಮೇಲ್ನೋಟಕ್ಕೆ ಇಲ್ಲ. ಬಿಎಸ್‌ಎನ್‌ಎಲ್, ಖಾಸಗಿ ಫೈಬರ್ ಕಂಪನಿಗಳು, ಸ್ಥಳೀಯ ಕೇಬಲ್‌ನವರು, ಡಿಟಿಎಚ್, 2022ರ ಅಕ್ಟೋಬರ್‌ನಲ್ಲಿ ದೇಶಕ್ಕೆ ಕಾಲಿಟ್ಟ 5ಜಿ, ಎಲ್ಲವೂ ಮಾರುಕಟ್ಟೆಯಲ್ಲಿವೆ. ಮಾರಾಟಗಾರರು ಹೆಚ್ಚಿದಷ್ಟೂ ಗ್ರಾಹಕನಿಗೆ ಲಾಭವೆಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಆದರೆ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಉದಾಹರಿಸಿ ಇನ್ನೊಂದು ಪಾಠ ಹೇಳಿದರು: ಸರಕಿನ ಗುಣ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಒಳ್ಳೆಯ ಸರಕೇ ಪೇಟೆಯಿಂದ ಹಿಂದೆ ಸರಿಯುತ್ತದೆ. ಅವರಿಗೆ 2001ರಲ್ಲಿ ನೊಬೆಲ್ ಪಾರಿತೋಷಕ ಬಂತು. ಇಲ್ಲಿಯೂ ಅದೇ ಸ್ಥಿತಿ. ವೇಗ ಮತ್ತು ಬೆಲೆ ಜಾಹೀರಾತಿನಲ್ಲಿ ಕಾಣುತ್ತವೆ. ದುರಸ್ತಿಯ ದಕ್ಷತೆ ಕಾಣುವುದಿಲ್ಲ. ಆದ್ದರಿಂದ ಸ್ಪರ್ಧೆಯೆಲ್ಲ ವೇಗದ ಮೇಲೆ.

ವಾಸ್ತವವಾಗಿ ಸಾಮಾನ್ಯ ಕುಟುಂಬಕ್ಕೆ ವೇಗದ ಅಭಾವವಿಲ್ಲ. 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಲಾಗಿತ್ತು. 2023ರಲ್ಲಿ ಆ ಕನಿಷ್ಠ ಮಿತಿ 2 ಮೆಗಾಬಿಟ್‌ಗೆ ಏರಿತು. ಇಂದು ಮಾರುವ ಯೋಜನೆಗಳು ಅದರ ಹತ್ತಾರು ಪಟ್ಟು ವೇಗದವು. ಸಂಪರ್ಕ ಕೈಕೊಡುವುದು ಬೇರೆ ಕಡೆ. ಫೈಬರ್ ಎಳೆಯಲ್ಲಿ ಹರಿಯುವುದು ಬೆಳಕು, ಅದಕ್ಕೆ ವಿದ್ಯುತ್ ಬೇಡ. ಆದರೆ ಅದರ ಎರಡು ತುದಿಗಳಲ್ಲಿರುವ ಉಪಕರಣಗಳಿಗೆ ಬೇಕು. ಕಂಪನಿಯ ಕೇಂದ್ರದ ಬ್ಯಾಟರಿ ಬರಿದಾದರೆ ನಮ್ಮ ಮನೆಯ ಯುಪಿಎಸ್ ಏನೂ ಮಾಡಲಾರದು. ವಿದ್ಯುತ್ ಕಂಬಗಳಿಗೆ ನೇತುಹಾಕಿದ ಕೇಬಲ್ಲಿಗೆ ಮರದ ಕೊಂಬೆ ಶತ್ರು. ನೆಲದಲ್ಲಿ ಹೂತದ್ದಕ್ಕೆ ಜೆಸಿಬಿ.

ಆದುದರಿಂದ ಹೊಸ ಸಂಪರ್ಕ ಪಡೆಯುವವರು ಎಷ್ಟು ಮೆಗಾಬಿಟ್ ಎಂದು ಕೇಳುವ ಮೊದಲು, ದುರಸ್ತಿ ಮಾಡುವವನು ಯಾವ ಊರಿನಲ್ಲಿದ್ದಾನೆ ಎಂದು ಕೇಳಬೇಕು. ಅದೇ ಬೀದಿಯ ನಾಲ್ಕು ಮನೆಗಳಲ್ಲಿ ಕಳೆದ ಮಳೆಗಾಲದ ಅನುಭವವನ್ನು ವಿಚಾರಿಸಬೇಕು. ರಿಯಾಯಿತಿಯ ಆಸೆಗೆ ವರ್ಷದ ಹಣವನ್ನು ಮುಂಗಡ ಕಟ್ಟಬಾರದು. ಕಟ್ಟಿದ ಮೇಲೆ ಕಂಪನಿ ಬದಲಿಸುವ ನಮ್ಮ ಸ್ವಾತಂತ್ರ್ಯವೂ ಅದರೊಂದಿಗೆ ಹೋಗುತ್ತದೆ. ಸಾಧ್ಯವಾದರೆ ಟಿ.ವಿ. ಮತ್ತು ಅಂತರ್ಜಾಲವನ್ನು ಒಂದೇ ಕೇಬಲ್ಲಿಗೆ ಒಪ್ಪಿಸಬಾರದು. ಡಿಶ್ ಆಂಟೆನಾದ ಚಿತ್ರ ಜಡಿಮಳೆಯಲ್ಲಿ ಮಾಯವಾಗುವುದು ನಿಜ, ಆದರೆ ಮಳೆ ಇಳಿದೊಡನೆ ಮರಳುತ್ತದೆ. ದೂರದರ್ಶನ 2004ರಲ್ಲಿ ಆರಂಭಿಸಿದ, ಈಗ ಡಿಡಿ ಫ್ರೀ ಡಿಶ್ ಎನಿಸಿಕೊಂಡಿರುವ ಸೇವೆಗೆ ಮಾಸಿಕ ಶುಲ್ಕವೇ ಇಲ್ಲ. ಹಣ ಕೊಟ್ಟು ನೋಡುವವರೂ 2019ರಲ್ಲಿ ಜಾರಿಗೆ ಬಂದ ಟ್ರಾಯ್ ವ್ಯವಸ್ಥೆಯಂತೆ ಬೇಕಾದ ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು. ಕೇಬಲ್‌ನವರು ಕಟ್ಟಿಕೊಟ್ಟ ಗಂಟನ್ನೇ ಹೊರಬೇಕೆಂದಿಲ್ಲ.

ಇಷ್ಟಾದರೂ ತೊಂದರೆಯಾದರೆ ಕಾನೂನು ಗ್ರಾಹಕನ ಕೈಬಿಟ್ಟಿಲ್ಲ. ದುರಸ್ತಿಗೆ ಕಾಲಮಿತಿ, ವಿಳಂಬವಾದರೆ ಬಾಡಿಗೆಯಲ್ಲಿ ವಿನಾಯಿತಿ ಎಂಬ ತತ್ವವನ್ನು ಟ್ರಾಯ್ 2006ರಲ್ಲಿಯೇ ಬ್ರಾಡ್‌ಬ್ಯಾಂಡಿಗೆ ಅನ್ವಯಿಸಿತು. ಸೇವಾ ಗುಣಮಟ್ಟದ ಹೊಸ ನಿಯಮಾವಳಿ 2024ರಲ್ಲಿ ಬಂದಿದೆ. ಕಂಪನಿಯ ಉತ್ತರ ತೃಪ್ತಿ ತರದಿದ್ದರೆ ಅದರ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದೆಂದು, ಆ ಪ್ರಾಧಿಕಾರ 39 ದಿನಗಳಲ್ಲಿ ತೀರ್ಮಾನಿಸಬೇಕೆಂದು 2012ರ ನಿಯಮಗಳು ಹೇಳಿವೆ. ದೂರಸಂಪರ್ಕದ ವ್ಯಾಜ್ಯಗಳು ಗ್ರಾಹಕ ನ್ಯಾಯಾಲಯದ ವ್ಯಾಪ್ತಿಗೆ ಬರುವುದಿಲ್ಲವೆಂಬ ವಾದವನ್ನು 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದೆ. ದೂರಿನ ಸಂಖ್ಯೆ, ದಿನಾಂಕಗಳನ್ನು ಬರೆದಿಟ್ಟುಕೊಂಡವನಿಗೆ ಈ ಬಾಗಿಲು ತೆರೆದಿದೆ.

ಆದರೆ ಪ್ರತಿಯೊಬ್ಬ ಗ್ರಾಹಕನೂ ವ್ಯಾಜ್ಯಕ್ಕೆ ನಿಲ್ಲಬೇಕೆಂದು ನಿರೀಕ್ಷಿಸುವುದು ಆಡಳಿತದ ಲಕ್ಷಣವಲ್ಲ. ನೆಲ ಅಗೆಯುವ ಮೊದಲು ಕೇಬಲ್ ಮಾಲೀಕರಿಗೆ ತಿಳಿಸಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಒಂದು ಆ್ಯಪ್ ಬಿಡುಗಡೆ ಮಾಡಿತು. ನಗರಸಭೆಯ ಪ್ರತಿಯೊಂದು ಕಾಮಗಾರಿ ಆದೇಶದಲ್ಲೂ ಅದರ ಬಳಕೆಯನ್ನು ಷರತ್ತಾಗಿಸಲು ಹೆಚ್ಚಿನ ಹಣವೇನೂ ಬೇಕಿಲ್ಲ. ಎರಡನೆಯದಾಗಿ, ದುರಸ್ತಿಗೆ ತೆಗೆದುಕೊಂಡ ದಿನಗಳ ಲೆಕ್ಕವನ್ನು ಪ್ರತಿ ಕಂಪನಿಯೂ ತಾಲ್ಲೂಕುವಾರು ಪ್ರಕಟಿಸುವಂತೆ ಟ್ರಾಯ್ ಮಾಡಬೇಕು. ಇಡೀ ರಾಜ್ಯದ ಸರಾಸರಿ ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ಚನ್ನಪಟ್ಟಣದ ಹನ್ನೊಂದು ದಿನಗಳು ಕಾಣಿಸುವುದಿಲ್ಲ. ಆ ಲೆಕ್ಕ ಬಹಿರಂಗವಾದ ದಿನ ಕಂಪನಿಗಳು ದುರಸ್ತಿಯಲ್ಲೂ ಸ್ಪರ್ಧೆಗೆ ಇಳಿಯುತ್ತವೆ.

ಸೇವೆಯಲ್ಲಿದ್ದಾಗ ನಾನೂ ‘ವಿಲೇವಾರಿಯಾದ ಅರ್ಜಿಗಳು ಶೇಕಡಾ ಇಷ್ಟು’ ಎಂಬ ವರದಿಗಳಿಗೆ ನೆಮ್ಮದಿಯಿಂದ ಸಹಿ ಹಾಕಿದವನೇ. ವಿಲೇವಾರಿಯಾದ ಅರ್ಜಿಗೂ ಬಗೆಹರಿದ ಕಷ್ಟಕ್ಕೂ ಇರುವ ಅಂತರ ನನಗೆ ಸರಿಯಾಗಿ ಅರ್ಥವಾದದ್ದು, ‘ಪರಿಹಾರವಾಗಿದೆ’ ಎಂಬ ಸಂದೇಶವನ್ನು ಓದಿ ತಲೆಯೆತ್ತಿ ಟಿ.ವಿ.ಯ ಕಪ್ಪು ಪರದೆಯನ್ನು ನೋಡಿದಾಗ. ದೂರನ್ನು ಮುಕ್ತಾಯಗೊಳಿಸುವ ಅಧಿಕಾರ ದೂರು ಕೊಟ್ಟವನ ಕೈಯಲ್ಲಿರಬೇಕು. ಕಂಪನಿಗಳಿಗೂ ಸರ್ಕಾರಿ ಕಚೇರಿಗಳಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.