ಗ್ಯಾಸ್ ಹಾಕಿಸದ ಕಾರುಗಳೂ ರಸ್ತೆಯ ಖರ್ಚೂ

ಬೇ ಏರಿಯಾದಲ್ಲಿ ಇಬ್ಬರು ಕನ್ನಡಿಗರು ಸೇರಿದರೆ ಮಾತು ಮೊದಲು ಮನೆಯ ಬೆಲೆಗೆ, ಅಲ್ಲಿಂದ ನೇರವಾಗಿ ಟ್ರಾಫಿಕ್ಕಿಗೆ ಹೊರಳುತ್ತದೆ. 880 ಹೈವೇಯ ಗುಂಡಿಗಳು, 580ರಲ್ಲಿ ಆಲ್ಟಮಾಂಟ್ ಘಾಟಿ ದಾಟುವಷ್ಟರಲ್ಲಿ ಕಳೆದುಹೋಗುವ ಹೊತ್ತು, ಬೇ ಬ್ರಿಡ್ಜಿನ ಟೋಲ್, ಇವನ್ನು ಬೈಯದೆ ನಮ್ಮ ಯಾವ ಪಾಟ್‌ಲಕ್ಕೂ ಮುಗಿದದ್ದಿಲ್ಲ. "ಇಷ್ಟೊಂದು ಟ್ಯಾಕ್ಸ್ ಕಟ್ಟುತ್ತೇವೆ, ರಸ್ತೆ ನೋಡಿದರೆ ಹೀಗೆ" ಎನ್ನುವುದು ಎಲ್ಲರ ಪಲ್ಲವಿ. ಆದರೆ ರಸ್ತೆಗೆಂದು ಯಾವ ಟ್ಯಾಕ್ಸ್, ಯಾರು, ಎಷ್ಟು ಕಟ್ಟುತ್ತಾರೆ ಎಂದು ಕೇಳಿದರೆ ಎಲ್ಲರೂ ಪಾಯಸದ ಬಟ್ಟಲ ಕಡೆ ನೋಡುತ್ತೇವೆ. ವಾರವಾರವೂ ಮಕ್ಕಳನ್ನು ಇದೇ ರಸ್ತೆಗಳಲ್ಲಿ ಶಾಲೆಗೆ ಕರೆತರುವ ನಾವು ಆ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ಕೊನೆಯಲ್ಲಿ ಬರುವ ಉತ್ತರ ನಮ್ಮಲ್ಲಿ ಹಲವರಿಗೆ ರುಚಿಸಲಾರದು, ಮೊದಲೇ ಹೇಳಿಬಿಡುತ್ತೇವೆ.

ಕ್ಯಾಲಿಫೋರ್ನಿಯಾದ ಹೆದ್ದಾರಿಗಳಲ್ಲಿ ಬಹುಪಾಲು ನಮಗಿಂತ ಹಿರಿಯವು. 1947ರಲ್ಲಿ ರಾಜ್ಯ, 1956ರಲ್ಲಿ ಕೇಂದ್ರ ಮಾಡಿದ ಕಾಯ್ದೆಗಳಿಂದ ಹಣ ಹರಿದು, ಐವತ್ತು ಅರವತ್ತರ ದಶಕಗಳಲ್ಲಿ ಈ ಫ್ರೀವೇಗಳು ಎದ್ದವು. 1950ರಲ್ಲಿ ಇಲ್ಲಿದ್ದ ಜನ ಒಂದು ಕೋಟಿಗೆ ತುಸು ಹೆಚ್ಚು. ಈಗ ನಾಲ್ಕು ಕೋಟಿಗೆ ಹತ್ತಿರ. ಆಗ ಹಾಕಿದ ಕಾಂಕ್ರೀಟು, ಆಗ ಕಟ್ಟಿದ ಸೇತುವೆ ಇಂದು ಇಷ್ಟು ಜನರನ್ನು, ಅವರ ಸಾಮಾನು ಸಾಗಿಸುವ ಟ್ರಕ್ಕುಗಳನ್ನು ಹೊರುತ್ತಿವೆ. ಓಕ್ಲಂಡಿನಲ್ಲಿ 580ರ ಮೇಲೆ ಭಾರೀ ಟ್ರಕ್ಕುಗಳಿಗೆ ನಿಷೇಧವಿರುವುದರಿಂದ ಬಂದರಿನ ಭಾರವೆಲ್ಲ 880ರ ಬೆನ್ನಿಗೆ. ಅಲ್ಲಿ ಗುಂಡಿ ಏಕೆ ಹೆಚ್ಚು ಎಂದು ಬೇರೆ ಹೇಳಬೇಕಿಲ್ಲ.

ಹಳೆಯದನ್ನು ಸಮಯಕ್ಕೆ ಸರಿಪಡಿಸದಿದ್ದರೆ ಏನಾಗುತ್ತದೆಂದು ಈ ಊರಿಗೆ ಗೊತ್ತು. 1989ರ ಅಕ್ಟೋಬರಿನ ಭೂಕಂಪದಲ್ಲಿ ಇದೇ 880ರ ಎರಡಂತಸ್ತಿನ ಸೈಪ್ರೆಸ್ ರಸ್ತೆ ಕುಸಿದು 42 ಜನ ಸತ್ತರು. ಬೇ ಬ್ರಿಡ್ಜಿನ ಒಂದು ತುಂಡೂ ಬಿತ್ತು. ಆ ಸೇತುವೆಯ ಪೂರ್ವಭಾಗವನ್ನು ಹೊಸದಾಗಿ ಕಟ್ಟಿ ತೆರೆಯುವಾಗ 2013 ಬಂದಿತ್ತು. ಖರ್ಚು 600 ಕೋಟಿ ಡಾಲರ್ ದಾಟಿತ್ತು.

ಈಗ ಹಣದ ವಿಷಯ. ರಸ್ತೆಯ ದುಡ್ಡಿಗೆ ಇಲ್ಲಿ ಮುಖ್ಯ ಮೂಲ ಗ್ಯಾಸಿನ ಮೇಲಿನ ತೆರಿಗೆ. ಕ್ಯಾಲಿಫೋರ್ನಿಯಾ ಇದನ್ನು ಗ್ಯಾಲನ್ನಿಗೆ 2 ಸೆಂಟಿನಂತೆ ಶುರುಮಾಡಿದ್ದು 1923ರಲ್ಲಿ. ಹೆಚ್ಚು ಓಡಿಸುವವರು ಹೆಚ್ಚು ಗ್ಯಾಸ್ ಸುಡುತ್ತಾರೆ, ಹೆಚ್ಚು ಕೊಡುತ್ತಾರೆ. ಬೆರಳೆಣಿಕೆಯ ಸಗಟು ವ್ಯಾಪಾರಿಗಳ ಬಳಿ ವಸೂಲು ಮಾಡಿದರೆ ಸಾಕು. ಜಾಣ ಏರ್ಪಾಡು. ಅದರಲ್ಲಿ ಇದ್ದ ಒಂದೇ ಊನವೆಂದರೆ ಬೆಲೆ ಏರಿದಂತೆ ತೆರಿಗೆ ತಾನಾಗಿ ಏರುತ್ತಿರಲಿಲ್ಲ. 1994ರಿಂದ 2010ರವರೆಗೆ ರಾಜ್ಯದ ದರ 18 ಸೆಂಟಿನಲ್ಲೇ ನಿಂತಿತ್ತು. ವಾಷಿಂಗ್ಟನ್ನಿನವರದ್ದಂತೂ 1993ರಲ್ಲಿ 18.4 ಸೆಂಟಿಗೆ ನಿಂತದ್ದು ಇನ್ನೂ ಅಲುಗಿಲ್ಲ. ಮೂವತ್ತು ವರ್ಷದ ಹಿಂದಿನ ಬೆಲೆಗೆ ಇಂದು ಯಾರಾದರೂ ನಮಗೆ ಒಂದು ಮಸಾಲೆ ದೋಸೆ ಕೊಡುತ್ತಾರೆಯೇ? ಡಾಂಬರಿನವರು ಮಾತ್ರ ಹೇಗೆ ಕೊಟ್ಟಾರು!

2017ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಕಾಲದಲ್ಲಿ ರಾಜ್ಯ ಕೊನೆಗೂ ಧೈರ್ಯ ಮಾಡಿತು. ಗ್ಯಾಲನ್ನಿಗೆ 12 ಸೆಂಟ್ ಏರಿಸಿ, ಮುಂದೆ ಬೆಲೆಯೇರಿಕೆಯೊಂದಿಗೆ ಪ್ರತಿವರ್ಷ ಏರುವಂತೆ ಕಾಯ್ದೆ ಮಾಡಿತು. ವರ್ಷಕ್ಕೆ ಸುಮಾರು 500 ಕೋಟಿ ಡಾಲರ್ ಹೆಚ್ಚಿಗೆ ಬರುವ ಅಂದಾಜು. ಪರವಾಗಿ ಮತ ಹಾಕಿದ ಸೆನೆಟರ್ ಜಾಶ್ ನ್ಯೂಮನ್ ಅವರನ್ನು ಮರುವರ್ಷ ಜನ ಕುರ್ಚಿಯಿಂದ ಇಳಿಸಿದರು. ಆದರೆ ಅದೇ 2018ರ ನವೆಂಬರಿನಲ್ಲಿ ಕಾಯ್ದೆಯನ್ನೇ ರದ್ದುಮಾಡುವ ಪ್ರಸ್ತಾಪ ಬಂದಾಗ, ಶೇಕಡ 57ರಷ್ಟು ಮತದಾರರು ಬೇಡವೆಂದರು. ತಮ್ಮ ಜೇಬಿನ ಮೇಲಿನ ತೆರಿಗೆಯನ್ನು ಜನರೇ ಉಳಿಸಿಕೊಂಡದ್ದು ಸಣ್ಣ ಮಾತಲ್ಲ. 2025ರ ಜುಲೈಯಿಂದ ರಾಜ್ಯದ ಈ ತೆರಿಗೆ ಗ್ಯಾಲನ್ನಿಗೆ 61.2 ಸೆಂಟ್ ಆಯಿತು.

ಹಾಗಾದರೆ ತೊಂದರೆ ತೀರಿತೇ? ಇಲ್ಲ, ತೊಂದರೆ ಬೇರೆ ಬಾಗಿಲಿಂದ ಬಂತು. ಆ ಬಾಗಿಲು ತೆರೆದವರಲ್ಲಿ ನಾವೂ ಇದ್ದೇವೆ. ನಮ್ಮ ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಸುಮ್ಮನೆ ಒಂದು ಸುತ್ತು ಬನ್ನಿ. ಎಷ್ಟು ಕಾರುಗಳಿಗೆ ಸೈಲೆನ್ಸರ್ ಕೊಳವೆಯೇ ಇಲ್ಲ ಎಂದು ಎಣಿಸಿ. 2023, 2024ರಲ್ಲಿ ಈ ರಾಜ್ಯದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು ನಾಲ್ಕಕ್ಕೊಂದು ವಿದ್ಯುತ್ತಿನದು. ವಾಯುಮಾಲಿನ್ಯದ ಗುರಿಗಳನ್ನೆಲ್ಲ ಮುಟ್ಟಿದರೆ ಹತ್ತು ವರ್ಷಗಳಲ್ಲಿ ರಾಜ್ಯದ ಸಾರಿಗೆ ವರಮಾನ ಶೇಕಡ 30ರಷ್ಟು ಕುಸಿದೀತೆಂದು ಶಾಸನಸಭೆಗೆ ಸಲಹೆ ಕೊಡುವ ವಿಶ್ಲೇಷಕರ ಕಚೇರಿ 2023ರಲ್ಲೇ ಎಚ್ಚರಿಸಿತ್ತು.

ಲೆಕ್ಕ ಹಾಕಿ. ಗ್ಯಾಲನ್ನಿಗೆ 25 ಮೈಲಿ ಕೊಡುವ ಕಾರೊಂದು ವರ್ಷಕ್ಕೆ 12,000 ಮೈಲಿ ಓಡಿದರೆ 480 ಗ್ಯಾಲನ್ ಬೇಕು. ಅದರ ಮೇಲೆ ರಾಜ್ಯಕ್ಕೆ ಸಲ್ಲುವುದು ಸುಮಾರು 294 ಡಾಲರ್, ಅಂದರೆ ಮೈಲಿಗೆ ಎರಡೂವರೆ ಸೆಂಟಿನ ಹತ್ತಿರ. ನಮ್ಮಲ್ಲಿ ಅನೇಕರ ಮನೆಯ ಹುಲ್ಲು ಕತ್ತರಿಸಲು ಬರುವವರ ಹಳೆಯ ಪಿಕಪ್ ಟ್ರಕ್ಕು 15 ಮೈಲಿ ಕೊಟ್ಟರೆ ಹೆಚ್ಚು. ಅವರು ಮೈಲಿಗೆ ನಾಲ್ಕು ಸೆಂಟ್ ತೆರುತ್ತಾರೆ. ವಿದ್ಯುತ್ ಕಾರಿನವರು? 2020ರ ಹಾಗೂ ನಂತರದ ಮಾಡೆಲ್ ಆದರೆ ರಿಜಿಸ್ಟ್ರೇಶನ್ ಜೊತೆಗೆ ವರ್ಷಕ್ಕೊಮ್ಮೆ ಒಂದು ರಸ್ತೆ ಶುಲ್ಕ. ಅದು 100 ಡಾಲರಿನಿಂದ ಶುರುವಾಗಿ ಬೆಲೆಯೇರಿಕೆಯೊಂದಿಗೆ ಸ್ವಲ್ಪ ಸ್ವಲ್ಪ ಏರಿದೆ, ಅಷ್ಟೆ. ಮೂರು ಸಾವಿರ ಮೈಲಿ ಓಡಿಸಿದರೂ ಅಷ್ಟೇ, ಮೂವತ್ತು ಸಾವಿರ ಓಡಿಸಿದರೂ ಅಷ್ಟೇ. ಹಳೆಯ ಪಿಕಪ್ಪಿನವರ ಖರ್ಚಿನ ರಸ್ತೆಯಲ್ಲಿ ಹೊಸ ಕಾರಿನವರ ಸವಾರಿ. ಕಂಡವರ ದುಡ್ಡಿನಲ್ಲಿ ಎಲ್ಲಮ್ಮನ ಜಾತ್ರೆ ಎಂದು ನಮ್ಮ ಹಿರಿಯರು ಇಂಥದಕ್ಕೇ ಹೇಳುತ್ತಿದ್ದರು.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ವಿದ್ಯುತ್ ಕಾರಿನವರಾದ ನಾವು ಓಡಿಸಿದ ಮೈಲಿಯ ಲೆಕ್ಕದಲ್ಲಿ ರಸ್ತೆಯ ಪಾಲು ಕೊಡಬೇಕು. ಯಾರಾದರೂ ಹೇರುವ ಮುಂಚೆ ನಾವೇ ಒಪ್ಪಿ, ನಮ್ಮ ನಮ್ಮ ಅಸೆಂಬ್ಲಿ ಸದಸ್ಯರಿಗೆ ಹೇಳಬೇಕು.

ಇದಕ್ಕೆ ಆಕ್ಷೇಪಗಳುಂಟು, ಎಲ್ಲವೂ ಹುರುಳಿಲ್ಲದವಲ್ಲ. "ಗಾಳಿ ಶುದ್ಧವಾಗಲೆಂದು ದುಬಾರಿ ಕಾರು ಕೊಂಡೆವು, ಈಗ ನಮಗೇ ದಂಡವೇ?" ಎನ್ನುತ್ತಾರೆ. ಸಿಟ್ಟು ಬರುವುದು ಸಹಜ. ಕಾರು ಕೊಂಡವರಿಗೆ ಕೇಂದ್ರ ಕೊಡುತ್ತಿದ್ದ 7,500 ಡಾಲರ್‌ವರೆಗಿನ ತೆರಿಗೆ ರಿಯಾಯಿತಿಯೂ, ಒಬ್ಬರೇ ಕುಳಿತು ಕಾರ್‌ಪೂಲ್ ಲೇನಿನಲ್ಲಿ ಹೋಗಲು ಬಿಡುತ್ತಿದ್ದ ಸ್ಟಿಕ್ಕರ್ ಸವಲತ್ತೂ 2025ರ ಸೆಪ್ಟೆಂಬರ್ 30ಕ್ಕೆ ಒಟ್ಟಿಗೇ ಮುಗಿದವು. ಆದರೆ ಗಾಳಿಯ ಉಪಕಾರಕ್ಕೆ ರಿಯಾಯಿತಿ ಕೊಡುವುದಿದ್ದರೆ ಕಾರು ಕೊಳ್ಳುವಾಗ ಕೊಡಲಿ. ಚಕ್ರ ಉರುಳುವುದು ಗಾಳಿಯ ಮೇಲಲ್ಲ. ಬ್ಯಾಟರಿಯಿಂದಾಗಿ ನಮ್ಮ ಕಾರುಗಳು ತುಸು ಭಾರವೇ. (ಆದರೂ ರಸ್ತೆಯನ್ನು ನಿಜವಾಗಿ ಅರೆಯುವುದು ದೊಡ್ಡ ಟ್ರಕ್ಕುಗಳು, ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ಹಾನಿ ಸುಮಾರು ಹದಿನಾರು ಪಟ್ಟು ಎಂಬುದು ಎಂಜಿನಿಯರುಗಳ ಹಳೆಯ ಸೂತ್ರ. ಅವುಗಳ ದರ ಬೇರೆಯೇ ಇರಬೇಕು.)

ಎರಡನೆಯ ಭಯ, ನಾವು ಎಲ್ಲಿ ಹೋಗುತ್ತೇವೆಂದು ಸರ್ಕಾರ ಹಿಂಬಾಲಿಸುತ್ತದೆ ಎಂಬುದು. ಅದಕ್ಕೆ ಉಪಗ್ರಹದ ಗೊಡವೆಯೇ ಬೇಡ. ವರ್ಷಕ್ಕೊಮ್ಮೆ ರಿಜಿಸ್ಟ್ರೇಶನ್ ನವೀಕರಿಸುವಾಗ ಓಡೋಮೀಟರಿನ ಅಂಕಿ ಕೊಟ್ಟರೆ ಸಾಕು. ಟಾಹೋ ದಾಟಿ ನೆವಾಡದೊಳಗೆ ಓಡಿಸಿದ ನಾಲ್ಕು ಮೈಲಿಯೂ ಸೇರಿಬಿಡುತ್ತದೆ, ಸೇರಲಿ ಬಿಡಿ. ಕೋಟ್ಯಂತರ ವಾಹನಗಳಿಂದ ಬಿಡಿಬಿಡಿಯಾಗಿ ವಸೂಲಿ ಮಾಡಲು ಯಂತ್ರ, ಕಂಪನಿ, ಕಮಿಷನ್ ಎಂದು ಹೊರಟರೆ ಮೂಗಿಗಿಂತ ಮೂಗುತಿ ಭಾರವಾದೀತು. ಆ ಕಾರಣಕ್ಕೂ ಓಡೋಮೀಟರೇ ಲೇಸು.

ಇದು ಹಗಲುಗನಸೇನಲ್ಲ. ಆರೆಗಾನಿನಲ್ಲಿ ಇಷ್ಟಪಟ್ಟವರಿಗೆ ಮೈಲಿ ಲೆಕ್ಕದ ಶುಲ್ಕ 2015ರಿಂದಲೇ ಇದೆ. ಹವಾಯಿಯಲ್ಲಿ 2025ರ ಜುಲೈಯಿಂದ ವಿದ್ಯುತ್ ಕಾರಿನವರು 1,000 ಮೈಲಿಗೆ 8 ಡಾಲರಿನಂತೆ ಕೊಡಬಹುದು, ಇಲ್ಲವೇ ವರ್ಷಕ್ಕೆ 50 ಡಾಲರ್ ಕಟ್ಟಬಹುದು. ನಮ್ಮ ರಾಜ್ಯವೂ 2016-17ರಲ್ಲಿ ಐದು ಸಾವಿರಕ್ಕೂ ಹೆಚ್ಚು ವಾಹನಗಳನ್ನು ಸೇರಿಸಿಕೊಂಡು ಪರೀಕ್ಷೆ ನಡೆಸಿತ್ತು. ಪರೀಕ್ಷೆಯ ಮೇಲೆ ಪರೀಕ್ಷೆ ನಡೆಯುತ್ತದೆ, ಫಲಿತಾಂಶದ ದಿನ ಮಾತ್ರ ಬರುವುದಿಲ್ಲ. ಊರಿನಲ್ಲೂ ಇದೇ ಪ್ರಶ್ನೆ ತಲೆಯೆತ್ತಿದೆ. 2016ರಿಂದ ವಿದ್ಯುತ್ ವಾಹನಗಳಿಗೆ ರಸ್ತೆ ತೆರಿಗೆ ಬಿಟ್ಟಿದ್ದ ಕರ್ನಾಟಕ, 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ಕಾರುಗಳಿಗೆ ಶೇಕಡ 10ರ ತೆರಿಗೆ ಹಾಕಿತು.

ನಮಗೆ ನಿಜವಾಗಿ ಕಷ್ಟವೆನಿಸುವ ಪ್ರಶ್ನೆ ಮೂರನೆಯದು. ಇಲ್ಲಿ ಮನೆ ಕೊಳ್ಳಲಾಗದೆ ಟ್ರೇಸಿ, ಮೌಂಟನ್ ಹೌಸ್ ಕಡೆ ಹೋಗಿ ನೆಲೆಸಿದ ನಮ್ಮವರು ದಿನಕ್ಕೆ ನೂರು ಮೈಲಿ ಓಡಿಸುವುದೂ ಉಂಟು. ಗ್ಯಾಸ್ ಖರ್ಚು ತಾಳಲಾರದೆ ಸಾಲ ಮಾಡಿ ವಿದ್ಯುತ್ ಕಾರು ಕೊಂಡವರೂ ಅವರಲ್ಲಿದ್ದಾರೆ. ದಿನಕ್ಕೆ ನೂರು ಮೈಲಿಗೆ ಎರಡೂವರೆ ಡಾಲರ್, ವರ್ಷಕ್ಕೆ ಆರುನೂರು ಡಾಲರಿನ ಮೇಲೆ. ಪಾಲೋ ಆಲ್ಟೋದಲ್ಲಿ ಆಫೀಸಿನ ಪಕ್ಕದಲ್ಲೇ ಇರುವವರಿಗೆ ಇದು ಲೆಕ್ಕಕ್ಕಿಲ್ಲ, ಅವರಿಗೆ ಪೆಟ್ಟು. ಇದಕ್ಕೆ ಪೂರ್ತಿ ಪರಿಹಾರ ನಮ್ಮ ಕೈಯಲ್ಲಿಲ್ಲ. ಆದಾಯ ನೋಡಿ ದರ ಇಳಿಸಬಹುದು, ಒಂದೇ ಬಾರಿಗೆ ಹೇರದೆ ಮೈಲಿಗೆ ಒಂದು ಸೆಂಟಿನಿಂದ ಶುರುಮಾಡಬಹುದು. ಆದರೆ ಅದೇ ಟ್ರೇಸಿಯಿಂದ ಹಳೆಯ ಗ್ಯಾಸ್ ಕಾರಿನಲ್ಲಿ ಬರುವ ನೆರೆಯವರು ಇಂದೇ ಅಷ್ಟನ್ನೂ ಕೊಡುತ್ತಿದ್ದಾರೆ ಎಂಬುದನ್ನೂ ನೋಡಬೇಕಲ್ಲವೇ?

ನಮ್ಮಲ್ಲಿ ಬಹಳ ಮಂದಿಗೆ ಇಲ್ಲಿ ಮತವಿಲ್ಲ. ಗ್ರೀನ್ ಕಾರ್ಡಿನ ಸರತಿಯಲ್ಲಿ ವರ್ಷಗಟ್ಟಲೆ ನಿಂತವರು. ಮತವಿಲ್ಲದಿದ್ದರೂ ಕಾಗದ ಬರೆಯಬಹುದು, ಊರಿನ ಸಭೆಗಳಲ್ಲಿ ಎದ್ದು ಮಾತಾಡಬಹುದು. ಬರೆಯುವಾಗ ಒಂದು ಷರತ್ತನ್ನು ಮರೆಯದೆ ಹಾಕೋಣ. 2017ರ ಕಾಯ್ದೆಯಿಂದ ಬಂದ ಹೊಸ ಹಣ ಸಾರಿಗೆ ಬಿಟ್ಟು ಬೇರೆ ಕಡೆ ಹೋಗದಂತೆ 2018ರ ಜೂನಿನಲ್ಲಿ ಮತದಾರರು ರಾಜ್ಯದ ಸಂವಿಧಾನದಲ್ಲೇ ಬೀಗ ಹಾಕಿಸಿದರು. ಮೈಲಿ ಶುಲ್ಕದ ಪೆಟ್ಟಿಗೆಗೂ ಅಂಥದೇ ಬೀಗ ಮೊದಲ ದಿನದಿಂದಲೇ ಇರಬೇಕು.