ಸಂಶಯವಾದಿಯನ್ನು ಕಾಪಾಡಿದ ಪ್ರತಿವಾದಿಗಳು

ನಮ್ಮ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಆಗಾಗ ಕೇಳಿಬರುವ ಮಾತೊಂದುಂಟು: ಮನುಷ್ಯನಿಗೆ ಜ್ಞಾನವೆಂಬುದು ಸಾಧ್ಯವೆ, ನಾವು ಬಲ್ಲೆವೆಂದುಕೊಂಡಿರುವುದನ್ನು ನಿಜವಾಗಿ ಬಲ್ಲೆವೆ ಎಂದು ಬುಡಕ್ಕೇ ಕೈಹಾಕುವ ಸಂಶಯವು ಐರೋಪ್ಯರ ಸೊತ್ತು, 1641ರಲ್ಲಿ ಡೆಕಾರ್ಟನ ಗ್ರಂಥ ಹೊರಬಿದ್ದಂದು ಅದು ಹುಟ್ಟಿತು; ನಮ್ಮದಾದರೋ ಶ್ರದ್ಧೆಯ ಪರಂಪರೆ ಎಂದು. ಕೆಲವರು ಇದನ್ನು ಹೆಮ್ಮೆಯಿಂದ ಹೇಳುವರು, ಕೆಲವರು ತಾತ್ಸಾರದಿಂದ. ಪರಸ್ಪರ ಮುಖ ನೋಡದ ಈ ಎರಡು ಪಂಗಡದವರೂ ಒಂದೇ ತಪ್ಪಿನಲ್ಲಿ ಒಮ್ಮತರಾಗಿರುವುದು ವಿನೋದದ ಸಂಗತಿ. ಈ ನೆಲದಲ್ಲಿ ಸಂಶಯವು ಹುಟ್ಟಿತೆಂಬುದಷ್ಟೇ ಅಲ್ಲ, ಅದು ಯಾರ ಮೇಲೆ ಎರಗಿತೋ ಅವರೇ ಅದನ್ನು ಬರೆದಿಟ್ಟು, ಸಾಕಿ, ಉತ್ತರ ಹೇಳುವ ಶ್ರಮದಲ್ಲಿ ತಮ್ಮ ಶಾಸ್ತ್ರವನ್ನು ಹರಿತಮಾಡಿಕೊಂಡರೆಂಬುದು ನನ್ನ ವಾದ.

ಐರೋಪ್ಯರ ಕಥೆಯಾದರೂ ಡೆಕಾರ್ಟನಿಂದ ಮೊದಲಾಗುವುದಿಲ್ಲ. ಅಲೆಗ್ಸಾಂಡರನ ದಂಡಿನೊಡನೆ ಹಿಂದೂದೇಶದವರೆಗೆ ಬಂದು ಇಲ್ಲಿನ ದಿಗಂಬರ ತಪಸ್ವಿಗಳ ಸಂಗ ಮಾಡಿದನೆಂದು ಡಯೋಜೀನಿಸ್ ಲೇರ್ಷಿಯಸನು ಬರೆದಿರುವ ಪಿರ್ರೋ ಅಲ್ಲಿನ ಸಂಶಯಪಂಥಕ್ಕೆ ಮೂಲಪುರುಷ. ಕ್ರಿ.ಪೂ. 155ರಲ್ಲಿ ಅಥೆನ್ಸಿನ ರಾಯಭಾರಿಯಾಗಿ ರೋಮಿಗೆ ಹೋದ ಕಾರ್ನಿಯಾಡಿಸನು ಒಂದು ದಿನ ನ್ಯಾಯಧರ್ಮದ ಪರವಾಗಿಯೂ ಮರುದಿನ ಅಷ್ಟೇ ಸಮರ್ಥವಾಗಿ ಅದರ ವಿರುದ್ಧವಾಗಿಯೂ ಮಾತನಾಡಲು, ತರುಣರು ಬೆರಗಾಗಿ ಮುತ್ತಿಕೊಂಡರು. ವೃದ್ಧ ಕೇಟೋ ಮಾತ್ರ, ಇವರು ಬಂದ ಕೆಲಸವನ್ನು ಬೇಗ ತೀರಿಸಿ ಊರಿಗೆ ಕಳುಹಿಸಿಬಿಡಿರೆಂದು ಸೆನೆಟ್ಟನ್ನು ಅವಸರಪಡಿಸಿದನು. ಮುಂದೆ ಸೆಕ್ಸ್ಟಸ್ ಎಂಪಿರಿಕಸ್ ಎಂಬ ವೈದ್ಯನು ಸಂಗ್ರಹಿಸಿಟ್ಟ ಯುಕ್ತಿಗಳು ಬಹುಕಾಲ ಮೂಲೆಗೆ ಬಿದ್ದಿದ್ದು, 1562ರಲ್ಲಿ ಲ್ಯಾಟಿನ್ ಭಾಷಾಂತರವಾಗಿ ಅಚ್ಚಾದ ಬಳಿಕ ಫ್ರಾನ್ಸಿನ ಮೊಂಟೇನನ ಕೈಸೇರಿ, ಅವನ ಪುಸ್ತಕಾಲಯದ ತೊಲೆಗಳ ಮೇಲೆ ವಾಕ್ಯಗಳಾಗಿ ಕುಳಿತವು. ಡೆಕಾರ್ಟನಿಗೆ ಬಂದದ್ದು ಈ ದಾಯಭಾಗ.

ಇತ್ತ ನಮ್ಮ ಕಡೆಯ ಕಥೆ. 1926ರಲ್ಲಿ ಗುಜರಾತಿನ ಪಾಟಣದ ಗ್ರಂಥಭಂಡಾರದಲ್ಲಿ ಒಂದು ತಾಳೆಗರಿಯ ಕಟ್ಟು ವಿದ್ವಾಂಸರ ಕಣ್ಣಿಗೆ ಬಿದ್ದಿತು. ಪಂಡಿತ ಸುಖಲಾಲಜಿ ಸಂಘವಿ ಮತ್ತು ರಸಿಕಲಾಲ ಪರೀಖರು ಅದನ್ನು ಶೋಧಿಸಿ 1940ರಲ್ಲಿ ಬರೋಡದಿಂದ ಪ್ರಕಟಿಸಿದರು. ಗ್ರಂಥದ ಹೆಸರು ತತ್ತ್ವೋಪಪ್ಲವಸಿಂಹ. ಕರ್ತೃ ಜಯರಾಶಿ ಭಟ್ಟ. ಕಾಲ ಸುಮಾರು 8ನೆಯ ಅಥವಾ 9ನೆಯ ಶತಮಾನ. ಚಾರ್ವಾಕರ ಗುರುವೆನಿಸಿದ ಬೃಹಸ್ಪತಿಯ ಹೆಸರನ್ನು ಗೌರವದಿಂದ ಎತ್ತುವುದರಿಂದ ಇವನನ್ನು ಅವರ ಸಾಲಿನಲ್ಲಿ ಕೂರಿಸುವ ವಾಡಿಕೆಯುಂಟು. ಆದರೆ ಸಾಮಾನ್ಯ ಚಾರ್ವಾಕನು ಅನುಮಾನವನ್ನು, ಎಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವುದನ್ನು, ತಳ್ಳಿ ಪ್ರತ್ಯಕ್ಷವನ್ನಾದರೂ ಉಳಿಸಿಕೊಳ್ಳುವನು; ಜಯರಾಶಿಯು ಅದನ್ನೂ ಉಳಿಸಲಿಲ್ಲ.

ಅವನ ಕೈಚಳಕವನ್ನು ಹತ್ತಿರದಿಂದ ನೋಡುವುದು ಲೇಸು. ಪ್ರತ್ಯಕ್ಷವೆಂದರೆ ಇಂದ್ರಿಯವೂ ವಸ್ತುವೂ ಕೂಡಿದಾಗ ಹುಟ್ಟುವ, ತಪ್ಪಿಲ್ಲದ ಜ್ಞಾನವೆಂದು ನೈಯಾಯಿಕರ ಲಕ್ಷಣ. ಜಯರಾಶಿ ಕೇಳುವನು: ತಪ್ಪಿಲ್ಲವೆಂದು ತಿಳಿದದ್ದು ಹೇಗೆ? ಕಣ್ಣು ಮೊದಲಾದ ಕಾರಣಗಳಲ್ಲಿ ದೋಷವಿಲ್ಲದುದರಿಂದ ಎಂದರೆ, ಕಣ್ಣಿನ ನಿರ್ದೋಷತ್ವವನ್ನು ಕಣ್ಣೇ ಕಾಣಲಾರದು; ಅನುಮಾನದಿಂದ ಊಹಿಸೋಣವೆಂದರೆ, ಆ ಅನುಮಾನಕ್ಕೆ ಆಧಾರವಾಗಬೇಕಾದ ಜ್ಞಾನವೇ ಸರಿಯೆಂದು ಇನ್ನೂ ಸಿದ್ಧವಾಗಿಲ್ಲ. ಹಾಗಾದರೆ ಮುಂದೆ ಯಾವ ಬಾಧಕಜ್ಞಾನವೂ ಬಂದು ಇದನ್ನು ಸುಳ್ಳೆನ್ನದಿರುವುದೇ ಗುರುತು ಎನ್ನೋಣವೆ? ದೂರದಿಂದ ಮರೀಚಿಕೆಯನ್ನು ನೀರೆಂದು ಕಂಡವನು ಹತ್ತಿರ ಹೋಗದೆ ಬೇರೆ ದಾರಿ ಹಿಡಿದು ನಡೆದುಬಿಟ್ಟರೆ, ಅಥವಾ ಅಷ್ಟರಲ್ಲಿ ಸತ್ತೇ ಹೋದರೆ, ಅವನ ಪಾಲಿಗೆ ಬಾಧಕಜ್ಞಾನ ಬರುವುದೇ ಇಲ್ಲ. ಅಷ್ಟು ಮಾತ್ರಕ್ಕೆ ಮರೀಚಿಕೆ ನೀರಾದೀತೆ? ಹೀಗೆ ಒಂದೊಂದು ಬಾಗಿಲನ್ನೂ ಮುಚ್ಚುತ್ತ ನೈಯಾಯಿಕ, ಮೀಮಾಂಸಕ, ಬೌದ್ಧ, ಸಾಂಖ್ಯ, ಜೈನ ಎಂಬ ಭೇದವಿಲ್ಲದೆ ಎಲ್ಲರನ್ನೂ ತಡವಿದ ಬಳಿಕ ಅವನು ಕೊಡುವ ಫಲಶ್ರುತಿ ಸೊಗಸಾದುದು: ತತ್ತ್ವಗಳೆಲ್ಲವೂ ಮುಳುಗಿದ ಮೇಲೆ ಲೋಕದ ವ್ಯವಹಾರವು, ವಿಚಾರಿಸದೆ ಇದ್ದಷ್ಟು ಕಾಲ ರಮಣೀಯವಾಗಿಯೇ ನಡೆದುಹೋಗುವುದು.

ಈ ಗ್ರಂಥವು ಉಳಿದು ಬಂದುದು ಜೈನರ ನಗರದಲ್ಲಿ ಎಂಬುದನ್ನು ಓದುಗರು ಗಮನಿಸಬೇಕು. ತಮ್ಮ ಮತವನ್ನೂ ಹಳಿದಿದ್ದ ಪುಸ್ತಕವನ್ನು ಅವರು ಸುಡಲಿಲ್ಲ, ಹುಳಕ್ಕೆ ಬಿಡಲೂ ಇಲ್ಲ. ಗಂಗರ ಕಾಲದಲ್ಲಿ ಕನ್ನಡನಾಡಿನಲ್ಲಿದ್ದನೆಂದು ವಿದ್ವಾಂಸರು ಎಣಿಸುವ ವಿದ್ಯಾನಂದನು ತನ್ನ ಅಷ್ಟಸಹಸ್ರಿಯಲ್ಲಿ ತತ್ತ್ವೋಪಪ್ಲವವಾದಿಯನ್ನು ಕರೆದು ಕೂರಿಸಿ, ಅವನ ಮಾತನ್ನು ಪೂರ್ಣವಾಗಿ ಹೇಳಗೊಟ್ಟ ಮೇಲೆಯೇ ಖಂಡನೆಗೆ ತೊಡಗುವನು. ಪೂರ್ವಪಕ್ಷವನ್ನು ಸೊಟ್ಟಮಾಡಿ ಹೇಳಿದರೆ ಸಿದ್ಧಾಂತಕ್ಕೇ ಅಗೌರವವೆಂಬ ಈ ಭಾವನೆಯನ್ನು ಕೇಟೋವಿನ ಅವಸರದೊಡನೆ ಹೋಲಿಸಿ ನೋಡಬಹುದು. ಇದರಿಂದ ನಮ್ಮವರೆಲ್ಲ ಸಹಿಷ್ಣುತೆಯ ಪುತ್ಥಳಿಗಳಾಗಿದ್ದರೆಂದೇನೂ ನಾನು ಹೇಳಲೊಲ್ಲೆ. ಬೈಗುಳದಲ್ಲಿ ನಮ್ಮ ಶಾಸ್ತ್ರಕಾರರು ಯಾರಿಗೂ ಕಡಮೆಯಾದವರಲ್ಲ. ಬೈದರೂ ಎದುರಾಳಿಯ ಮಾತನ್ನು ನುಂಗಲಿಲ್ಲ, ಅಷ್ಟೆ.

ಈ ಮಲ್ಲಯುದ್ಧದ ಅತ್ಯಂತ ರೋಚಕವಾದ ಪಟ್ಟು 12ನೆಯ ಶತಮಾನದ ಶ್ರೀಹರ್ಷನದು. ಕನ್ಯಾಕುಬ್ಜದ ರಾಜಸಭೆಯ ಗೌರವವನ್ನು ಪಡೆದ, ನೈಷಧೀಯಚರಿತದಂತಹ ಶೃಂಗಾರಕಾವ್ಯವನ್ನು ಬರೆದ ಕವಿಯೇ ಖಂಡನಖಂಡಖಾದ್ಯವೆಂಬ ಕರ್ಕಶತರ್ಕದ ಗ್ರಂಥವನ್ನೂ ರಚಿಸಿದನು. ತನ್ನ ತಂದೆಯನ್ನು ನೈಯಾಯಿಕನಾದ ಉದಯನಾಚಾರ್ಯನು ವಾದದಲ್ಲಿ ಸೋಲಿಸಿದ್ದಕ್ಕೆ ಮಗನು ತೀರಿಸಿಕೊಂಡ ಸೇಡು ಇದೆಂದು ಐತಿಹ್ಯವುಂಟು; ಉದಯನನ ಲಕ್ಷಣಾವಳಿಯ ಕಾಲ ಕ್ರಿ.ಶ. 984 ಎಂದು ಗಣಿಸುವುದರಿಂದ ಕಥೆ ನಿಲ್ಲದು, ಆದರೂ ಕಥೆ ಕಟ್ಟಿದವರು ಜಗಳದ ಕಾವನ್ನು ಸರಿಯಾಗಿಯೇ ಗ್ರಹಿಸಿದ್ದರು. ಯಥಾರ್ಥವಾದ ಅನುಭವವೇ ಪ್ರಮೆ, ಎಂದರೆ ಸರಿಯಾದ ಜ್ಞಾನ, ಎಂಬ ಲಕ್ಷಣಕ್ಕೆ ಶ್ರೀಹರ್ಷನು ಒಡ್ಡುವ ಉದಾಹರಣೆ ಮಕ್ಕಳಾಟದಷ್ಟು ಸರಳ. ಒಬ್ಬನು ಕವಡೆಗಳನ್ನು ಮುಷ್ಟಿಯಲ್ಲಿ ಮುಚ್ಚಿ ಎಷ್ಟೆಂದು ಕೇಳುವನು. ಇನ್ನೊಬ್ಬನು ಬಾಯಿಗೆ ಬಂದಂತೆ ಐದು ಎನ್ನುವನು. ತೆರೆದು ನೋಡಿದರೆ ಐದೇ. ಕಾಕತಾಳೀಯವಾಗಿ ಸತ್ಯಕ್ಕೆ ತಾಗಿದ ಈ ಮಾತನ್ನು ಜ್ಞಾನವೆನ್ನೋಣವೆ? ಅಲ್ಲವೆಂದರೆ, ಜ್ಞಾನವಾಗಲು ಸತ್ಯದ ಜೊತೆಗೆ ಇನ್ನೇನು ಬೇಕು? 1963ರಲ್ಲಿ ಅಮೆರಿಕದ ಎಡ್ಮಂಡ್ ಗೆಟಿಯರನು ಮೂರು ಪುಟದ ಪ್ರಬಂಧವೊಂದರಲ್ಲಿ ಇದಕ್ಕೆ ಸಮೀಪದ ತೊಡಕನ್ನು ಎತ್ತಿದಾಗ ಪಾಶ್ಚಾತ್ಯ ಪ್ರಮಾಣಶಾಸ್ತ್ರದಲ್ಲಿ ಎದ್ದ ಗದ್ದಲ ಇನ್ನೂ ಅಡಗಿಲ್ಲ.

ಸಂಶಯಕ್ಕೂ ಒಂದು ಮೇರೆಯುಂಟು, ತನ್ನ ನಡತೆಗೇ ವ್ಯಾಘಾತ, ಎಂದರೆ ವಿರೋಧ, ಬರುವಲ್ಲಿ ಅದು ನಿಲ್ಲಲೇಬೇಕು ಎಂದು ಉದಯನನು ನ್ಯಾಯಕುಸುಮಾಂಜಲಿಯ ಒಂದು ಶ್ಲೋಕದಲ್ಲಿ ಹೇಳಿದ್ದನು. ಶ್ರೀಹರ್ಷನು ಆ ಶ್ಲೋಕವನ್ನೇ ಎತ್ತಿಕೊಂಡು, ಕೆಲವೇ ಅಕ್ಷರಗಳನ್ನು ಬದಲಿಸಿ, ವ್ಯಾಘಾತವಿದ್ದರೆ ಸಂಶಯವೂ ಇದ್ದೇ ಇದೆ, ಇನ್ನು ಮೇರೆಯೆಲ್ಲಿಯದು ಎಂದು ಅದರ ಬಾಯಿಂದಲೇ ಹೇಳಿಸಿದನು! ಇದಕ್ಕೆ ಉತ್ತರವಾಗಿ ಮಿಥಿಲೆಯ ಗಂಗೇಶನು ತತ್ತ್ವಚಿಂತಾಮಣಿಯಲ್ಲಿ ತಣ್ಣಗೆ ಹೇಳುವನು: ಬೆಂಕಿಗೂ ಹೊಗೆಗೂ ಇರುವ ನಂಟನ್ನು ಶಂಕಿಸುವವನು ಹೊಗೆ ಬೇಕಾದಾಗ ಬೆಂಕಿಯನ್ನೇ ಹುಡುಕುವನು, ಹಸಿವು ತೀರಲು ಅನ್ನವನ್ನೇ ಉಣ್ಣುವನು, ತನ್ನ ಸಂಶಯವನ್ನು ಮತ್ತೊಬ್ಬನಿಗೆ ತಿಳಿಸಲು ಮಾತನ್ನೇ ಬಳಸುವನು, ಹೀಗೆ ನಡೆದುಕೊಳ್ಳುವವನಿಗೆ ಆ ಸಂಶಯವು ನಿಜವಾಗಿ ಇದೆಯೆಂದು ನಂಬುವುದು ಹೇಗೆ?

ಗಂಗೇಶನ ಉತ್ತರ ನನಗೆ ಮೆಚ್ಚಿಗೆಯಾದರೂ ಪೂರ್ತಿ ಒಪ್ಪಿಗೆಯಾಗದು. ಬೆಂಕಿ ಹುಡುಕುವುದರಿಂದ ಅವನಿಗೆ ನಂಬಿಕೆಯಿದೆಯೆಂದು ಸಿದ್ಧವಾಯಿತೇ ಹೊರತು ಆ ನಂಬಿಕೆ ಸತ್ಯವೆಂದು ಸಿದ್ಧವಾಗಲಿಲ್ಲ. ಸ್ಕಾಟ್ಲೆಂಡಿನ ಹ್ಯೂಮನು 1739ರ ತನ್ನ ಗ್ರಂಥದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡನು: ಕೋಣೆಯಲ್ಲಿ ಕುಳಿತು ಎಲ್ಲವನ್ನೂ ಸಂಶಯಿಸಿದವನು ಮಿತ್ರರೊಡನೆ ಊಟಮಾಡಿ, ಪಗಡೆಯಂತಹ ಒಂದಾಟವಾಡಿ ಬಂದರೆ ಆ ತರ್ಕವೆಲ್ಲ ನಗೆಗೀಡಾಗಿ ತೋರುವುದು, ಆದರೆ ಸಂಶಯಕ್ಕೆ ಉತ್ತರ ಸಿಕ್ಕಿತೆಂದು ಅವನು ಹೇಳಲಿಲ್ಲ, ಮರೆತುಹೋಯಿತೆಂದನು.

ನಮ್ಮ ಕಾಲೇಜುಗಳಲ್ಲಿ ತತ್ತ್ವಶಾಸ್ತ್ರ ಕಲಿಸುವವರು ಡೆಕಾರ್ಟನ ಪಕ್ಕದಲ್ಲಿ ಜಯರಾಶಿಯನ್ನೂ ಶ್ರೀಹರ್ಷನನ್ನೂ ಇಟ್ಟು ಓದಿಸಲೆಂದು ಕೇಳುವುದಕ್ಕೆ ದೇಶಾಭಿಮಾನ ಕಾರಣವಲ್ಲ. ಸಂಶಯಕ್ಕೆ ಡೆಕಾರ್ಟನು ಕೊಟ್ಟ ಉತ್ತರಕ್ಕೆ ಪ್ರತಿಸ್ಪರ್ಧಿಯಾಗಬಲ್ಲ ಉತ್ತರವೊಂದು ನಮ್ಮ ಉಡುಪಿಯಲ್ಲಿಯೇ ಹುಟ್ಟಿರುವುದರಿಂದ ಹಾಗೆ ಕೇಳುತ್ತೇನೆ. ಒಂದು ಜ್ಞಾನದ ಪ್ರಾಮಾಣ್ಯಕ್ಕೆ ಇನ್ನೊಂದನ್ನು, ಅದಕ್ಕೆ ಮತ್ತೊಂದನ್ನು ಸಾಕ್ಷ್ಯಕ್ಕೆ ಕರೆಯುತ್ತ ಹೋದರೆ ಕೊನೆಯಿಲ್ಲ, ಎಲ್ಲಿಯೋ ನಿಲ್ಲಬೇಕು, ನಿಲ್ಲುವ ಸ್ಥಾನವೇ ಜೀವಾತ್ಮನ ಸ್ವರೂಪಭೂತವಾದ ಸಾಕ್ಷಿ, ನನಗೆ ಸುಖವಾಗುತ್ತಿದೆಯೊ ಇಲ್ಲವೊ ಎಂದು ಯಾರೂ ಸಂಶಯಪಡುವುದಿಲ್ಲವಷ್ಟೆ ಎಂದು ಮಧ್ವಾಚಾರ್ಯರು ತೋರಿಸಿದರು, ಜಯತೀರ್ಥರೂ ವಿಜಯನಗರದ ವ್ಯಾಸತೀರ್ಥರೂ ಅದನ್ನು ಬಿಡಿಸಿ ಬೆಳೆಸಿದರು. ಮನಸ್ಸು ಕೊಟ್ಟ ನಿಶ್ಚಯ ತಪ್ಪಾದೀತು, ಸಾಕ್ಷಿಯು ಪರೀಕ್ಷಿಸಿ ಒಪ್ಪಿದ್ದು ತಪ್ಪದು ಎಂದು ಅವರ ಸಿದ್ಧಾಂತ. ತಪ್ಪು ಬಯಲಾಗುವುದಕ್ಕೆ ಮುಂಚೆಯೇ, ಈ ನಿಶ್ಚಯ ಮನಸ್ಸಿನದೊ ಸಾಕ್ಷಿಯದೊ ಎಂದು ಗುರುತಿಸುವ ಬಗೆ ಯಾವುದು ಎಂದು ಜಯರಾಶಿ ಕೇಳಿದ್ದರೆ ಏನು ಉತ್ತರ ಹೇಳುವಿರಿ? ಬಿ.ಎ. ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಇದಕ್ಕೆ ಹದಿನೈದು ಅಂಕ ಕೊಡಬಹುದು, ಸರಿಯುತ್ತರವನ್ನು ಮೊದಲೇ ನಿಗದಿಮಾಡದೆ.